ಮೆಂತ್ಯದ ನೆಪ

ತೊಂಬತ್ತರ ದಶಕದಲ್ಲಿ ಪುಣೆ ಹತ್ತಿರದ ಭೋಸರಿಯ ನಮ್ಮ ಚಾಳಿನ ಸೊಸೆಯಂದಿರನ್ನು ಬಸಿರು ನಿಲ್ಲದಂತೆ ಕಾಪರ್-ಟಿ ಹಾಕಿಸಲು ದವಾಖಾನೆಗೆ ಕರೆದೊಯ್ಯುತ್ತಿದ್ದವರು ಚಾಳಿಗೆಲ್ಲ ಅತ್ತಿಗೆಯಂತಿದ್ದ ಪಕ್ಕದ ಮನೆಯ ವೈನಿ. ಅತ್ತೆಯಂದಿರಿಗೆ, “ಮೆಂತ್ಯಪಲ್ಯ ತರಾಕ ಹೊಂಟೀವ್ರಿ” ಎನ್ನುವರು. ಮಾತು ಸುಳ್ಳಾಗಬಾರದೆಂದು ಬರುವಾಗ ನಿಜಕ್ಕೂ ಮೆಂತ್ಯ ಸೊಪ್ಪು ಕೊಳ್ಳುವರು. ಯಾರು ಹೆದರಿದರೂ ಸೆರಗು ಸೊಂಟಕ್ಕೆ ಸಿಗಿಸಿ, “ಎಲ್ಲಾ ಬರೋಬರಿ ಅದ” ಎಂಬ ಒಂದೇ ಮಾತು.

ಎರಡನೆಯ ಮಗಳಿಗೆ ಇನ್ನೂ ವರ್ಷ ತುಂಬಿರಲಿಲ್ಲ, ನನ್ನ ಮುಟ್ಟು ತಡವಾಯಿತು. ವೈನಿಯೇ ಕರೆದೊಯ್ದು ಹಾಕಿಸಿದ್ದ ಕಾಪರ್-ಟಿ ಜಾರಿಹೋಗಿರಬೇಕೆಂದು ಜೀವ ಬಾಯಿಗೆ ಬಂದಿತ್ತು. ದವಾಖಾನೆಯಲ್ಲಿ ವೈನಿ ನನ್ನ ಕೈ ಬಿಡಲಿಲ್ಲ. ಪರೀಕ್ಷೆ ಮಾಡಿದ ಡಾಕ್ಟರಬಾಯಿ, ಗರ್ಭ ನಿಂತಿಲ್ಲ, ಕಾಪರ್-ಟಿಯ ದಾರವೂ ಇದ್ದಲ್ಲೇ ಇದೆ ಎಂದರು. “ನಾ ಹೇಳಲಿಲ್ಲೇನವಾ?” ಎಂದ ವೈನಿಯ ಅಂಗೈ ನನ್ನದಕ್ಕಿಂತ ಹೆಚ್ಚು ಬೆವೆತಿತ್ತು.

ಸಂತೋಷಕ್ಕೆ ಅಂದು ಚೀಲದ ತುಂಬ ಮೆಂತ್ಯ ತಂದೆವು. ನಮ್ಮ ಬಾಗಿಲಲ್ಲಿ ಕೂತು ಸೋಸುವಾಗ, ಎಂಟು ಹೆತ್ತ ನನ್ನ ಅತ್ತೆಯೂ ಕೈ ಹಚ್ಚಿದರು. ತಲೆಯೆತ್ತದೆ ಕೇಳಿದರು: “ಡಾಕ್ಟರು ಎಲ್ಲಾ ಬರೋಬರಿ ಅದ ಅಂದ್ರೋ ಇಲ್ಲೋ?”

ವೈನಿ ಸೋಸಿದ ಸೊಪ್ಪನ್ನೇ ಮತ್ತೆ ಸೋಸತೊಡಗಿದರು. ನಾನೇ “ಹೌದ್ರಿ” ಎಂದೆ.

“ಚಲೋ ಆತು. ಮುಂದಿನ ಸಲ ಬ್ಯಾರೆ ಪಲ್ಯ ತರ್ರಿ,” ಎಂದರು ಅತ್ತೆ. “ಮೆಂತ್ಯ ತಿಂದು ತಿಂದು ಸಾಕಾಗೇದ.”