ಕುರ್ಚಿಯ ಕಡೆ ಮುಖ ಮಾಡಿದ ಮೀನುಗಳು

ಅಪ್ಪ ತೀರಿಕೊಂಡ ಮೂರನೇ ವಾರ, ಒಂದು ಬೆಳಿಗ್ಗೆ, ಅಕ್ವೇರಿಯಂನ ಏಳು ಮೀನುಗಳೂ ಅವರ ಖಾಲಿ ಕುರ್ಚಿಯ ಕಡೆ ಮುಖ ಮಾಡಿ ನಿಂತಿದ್ದವು. ಈಜುತ್ತಿರಲಿಲ್ಲ. ರೆಕ್ಕೆಗಳನ್ನು ಮೈಗೆ ಒತ್ತಿಕೊಂಡು ತಳದ ಮೂಲೆಯಲ್ಲಿ ಗುಂಪಾಗಿ ನಿಂತಿದ್ದವು. ನಾನು ಗಾಜು ತಟ್ಟಿದೆ. ಒಂದೂ ತಿರುಗಲಿಲ್ಲ.

"ಸುಮ್ನಿರು," ಅಂದಳು ಅವ್ವ ಹಿಂದಿನಿಂದ. "ಅವರು ಬಂದು ಕೂತಾರೆ. ಅದಕ್ಕ ನೋಡಾಕತ್ತಾವು."

ಇಂಥ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ಶಿಕಾರಿಪುರದ ಪೇಟೆಯಲ್ಲಿ ಎಲೆಕ್ಟ್ರಿಕ್ ಸಾಮಾನಿನ ಅಂಗಡಿ ಇಟ್ಟವನು ನಾನು. ವೈರು ಎಲ್ಲಿಂದ ಎಲ್ಲಿಗೆ ಹೋಗಿದೆ ಅಂತ ಗೊತ್ತಾಗದ ಯಾವುದನ್ನೂ ನಂಬುವವನಲ್ಲ. ಅವ್ವನಿಗೆ ನಾಲ್ಕು ಮಾತು ಗದರಿ ಅಂಗಡಿಗೆ ಹೊರಟೆ. ಹೊರಡುವಾಗ ಮಾತ್ರ ಕುರ್ಚಿಯ ಕಡೆ ತಿರುಗಿ ನೋಡಲಿಲ್ಲ. ಅದನ್ನೂ ಹೇಳಿಬಿಡಬೇಕು.

ಮೊಟ್ಟೆಯನ್ನೂ ಹೊಸ್ತಿಲು ದಾಟಿಸದ ಲಿಂಗಾಯತರ ಮನೆ ನಮ್ಮದು. ಅಂಗಡಿಯನ್ನು ನನ್ನ ಕೈಗೆ ಬಿಟ್ಟ ವರ್ಷ ಅಪ್ಪ ಸೊರಬದಿಂದ ಗಾಜಿನ ತೊಟ್ಟಿಯನ್ನೂ ಅಗಲ ರೆಕ್ಕೆಯ ಏಂಜಲ್ ಮೀನುಗಳನ್ನೂ ತಂದಾಗ ಬೀಗರೆಲ್ಲ ಕಾಲೆಳೆದರು: "ಏನ್ರೀ, ಸಾಕಾಕೋ, ಸಾರಿಗೋ?" ಅಪ್ಪ ನಕ್ಕರು. ತೊಟ್ಟಿಗೊಂದು ಮರದ ಮುಚ್ಚಳ, ಮುಚ್ಚಳದ ಒಳಗೆ ಹಳೇ ಕಾಲದ ಎರಡು ಹಳದಿ ಬಲ್ಬು. ಅವನ್ನು ಹಗಲೂ ರಾತ್ರಿಯೂ ಆರಿಸಲು ಬಿಡುತ್ತಿರಲಿಲ್ಲ. "ಅದು ನಂದಾದೀಪ" ಅನ್ನುತ್ತಿದ್ದರು. ಎಲ್ಇಡಿ ಮಾರುವವನ ಮನೆಯಲ್ಲೇ ಕರೆಂಟು ತಿನ್ನುವ ಬಲ್ಬು ಅಂದರೆ ಜನ ಏನಂದಾರು ಅಂತ ನಾನು ಕೂಗಾಡುತ್ತಿದ್ದೆ. ಬಾಯಿಗೆ ಬಂದದ್ದೆಲ್ಲ ಅಂದಿದ್ದೇನೆ.

ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ, ಕೂರಿಸಿ ಮಣ್ಣು ಮಾಡುತ್ತೇವೆ. ಅಪ್ಪನನ್ನೂ ಹಣೆ ತುಂಬ ವಿಭೂತಿ ಹಚ್ಚಿ ಹಾಗೇ ಕೂರಿಸಿದೆವು. ಆ ಸಲ ಚಳಿ ಬೇಗ ಬಂತು. ಅಂಜನಾಪುರದ ಕಡೆಯಿಂದ ಗಾಳಿ ಬೀಸಲು ಶುರುವಾದ ಸಂಜೆ ಅವ್ವ ಕಂಬಳಿ ಹೊದ್ದುಕೊಂಡು ಹೇಳಿದಳು, "ಮಣ್ಣಾಗ ಕೂತಾರಲ್ಲ, ಥಂಡಿ ಆಗತೈತೇನೋ." ಹನ್ನೊಂದನೇ ದಿನದ ಶಿವಗಣಾರಾಧನೆ ಮುಗಿದ ಮೇಲೆ ಮನೆಗೆ ಸುಣ್ಣ ಬಳಿಸಿದೆ, ಹಳೆಯ ಬಲ್ಬುಗಳನ್ನೆಲ್ಲ ಬದಲಿಸಿದೆ. ಅಕ್ವೇರಿಯಂ ಮುಚ್ಚಳಕ್ಕೂ ಬೆಳ್ಳನೆಯ ಎಲ್ಇಡಿ ಪಟ್ಟಿ ಅಂಟಿಸಿದೆ. ಮೀನುಗಳು ಅಷ್ಟು ಸ್ಪಷ್ಟವಾಗಿ ಹಿಂದೆಂದೂ ಕಂಡಿರಲಿಲ್ಲ.

ಕುರ್ಚಿಯ ಕಡೆ ತಿರುಗಿದ ಮೂರನೇ ದಿನ ಒಂದು ಸತ್ತಿತು. ಆಮೇಲೆ ಇನ್ನೊಂದು. ಅವ್ವ ಅವನ್ನು ಹಿತ್ತಲಿನ ಬಿಲ್ವದ ಬುಡದಲ್ಲಿ ಹೂಳಿಸಿದಳು. "ಒಂದೊಂದಾಗಿ ಕರಕೊಳ್ಳಾಕತ್ತಾರೆ. ಏಳೂ ಮುಗುದ ಮ್ಯಾಲೆ ನಾನು," ಅಂದಳು. ಅಳಲಿಲ್ಲ. ಊರಿಗೆ ಹೊರಡುವ ಬಸ್ಸಿನ ವೇಳೆ ಹೇಳುವ ಹಾಗೆ ಹೇಳಿದಳು. ಆ ದಿನದಿಂದ ಅವಳ ಊಟ ಕಡಿಮೆಯಾಯಿತು. ಮೊದಲು ಅರ್ಧ ರೊಟ್ಟಿ, ಆಮೇಲೆ ಬರೀ ಚಹಾ. ಮೀನುಗಳೂ ತಿನ್ನುತ್ತಿರಲಿಲ್ಲ, ಹಾಕಿದ ಕಾಳು ತಳದಲ್ಲಿ ಹಾಗೇ ಕೊಳೆಯುತ್ತಿತ್ತು. ಅವು ಉಳಿಯದಿದ್ದರೆ ಇವಳೂ ಉಳಿಯುವುದಿಲ್ಲ ಅಂತ ನನಗೆ ನಿಜವಾಗಿ ಭಯವಾಯಿತು.

ನೀರು ಕೆಟ್ಟಿರಬೇಕು ಅಂದುಕೊಂಡೆ. ಬೆಳಗಾಗುತ್ತಲೇ ತಾರಸಿಯ ಟ್ಯಾಂಕಿನಿಂದ ಕೈ ಕೊರೆಯುವಷ್ಟು ತಣ್ಣನೆಯ ನೀರು ತಂದು ಸುರಿದೆ. ಸಂಜೆಗೆ ಮೂರನೆಯದು ತೇಲಿತು. ಸಿಟ್ಟು ಬಂದು ಕುರ್ಚಿಯನ್ನೇ ಎತ್ತಿ ಪಡಸಾಲೆಗೆ ಎಸೆದೆ. ಇನ್ನು ಯಾರನ್ನು ನೋಡುತ್ತವೋ ನೋಡೋಣ ಅನ್ನುವ ಹಟ.

ಮರುದಿನ ಬೆಳಿಗ್ಗೆ ನಾಲ್ಕೂ ಮೀನುಗಳು ಅದೇ ಮೂಲೆಯಲ್ಲಿದ್ದವು. ಕುರ್ಚಿ ಇಲ್ಲದ ಜಾಗವನ್ನು ನೋಡುತ್ತಿದ್ದವು.

"ಕುರ್ಚಿ ತಗದ್ರ ಏನಾತು? ಕೆಳಗ ಕೂತಾರೆ," ಅಂದಳು ಅವ್ವ.

ಅವಳ ಮಾತು ಸುಳ್ಳೆಂದು ತೋರಿಸಲು ನಾನು ಅಲ್ಲೇ ಹೋಗಿ ಗೋಡೆಗೆ ಒರಗಿ ಕೂತೆ. ಕೂತವನು ತಕ್ಷಣ ಎದ್ದೆ. ಮನೆಯ ನೆಲ, ಬಾಗಿಲು, ಗಾಜು ಎಲ್ಲ ತಣ್ಣಗಿದ್ದ ಆ ಹೊತ್ತಿನಲ್ಲಿ ಆ ಗೋಡೆ ಮಾತ್ರ ಬೆಚ್ಚಗಿತ್ತು, ಈಗಷ್ಟೇ ಯಾರೋ ಬೆನ್ನು ಎತ್ತಿದ ಹಾಗೆ. ಅವ್ವ ನನ್ನ ಮುಖ ನೋಡಿದಳು. ಚಪ್ಪಲಿ ಮೆಟ್ಟಿಕೊಂಡು ಹೊರಬಿದ್ದೆ. ಅಂಗಡಿಯ ಬಾಗಿಲು ತೆರೆಯದೆ ಸೊರಬದ ಬಸ್ಸು ಹತ್ತಿದೆ.

ದಾರಿಯುದ್ದಕ್ಕೂ ಮಂಜು. ಅಪ್ಪನಿಗೆ ಮೀನು ಕೊಟ್ಟ ಅಂಗಡಿಯವರು ಆಗತಾನೇ ಬಾಗಿಲು ತೆರೆದಿದ್ದರು. ಸುದ್ದಿ ಕೇಳಿ ಸ್ಟೂಲು ಎಳೆದು ನನ್ನನ್ನು ಕೂರಿಸಿದರು. ಆಮೇಲೆ ಎಲ್ಲವನ್ನೂ ಕೇಳಿಸಿಕೊಂಡು ಒಂದೇ ಪ್ರಶ್ನೆ ಹಾಕಿದರು. "ಆ ಗೋಡೆ ಆಚೆ ಕಡೆ ಏನಿದೆ?"

"ಬಚ್ಚಲು," ಅಂದೆ. ಅನ್ನುವಾಗಲೇ ಹೊಳೆಯಿತು. ಗೋಡೆಯ ಆಚೆ ಸ್ನಾನದ ಹಂಡೆಯ ಒಲೆ. ತೊಟ್ಟಿಯ ಆ ಮೂಲೆ ತಾಗಿರುವುದೂ ಅದೇ ಗೋಡೆಗೆ. ಅವ್ವ ದಿನಾ ನಸುಕಿನಲ್ಲೇ ಅದಕ್ಕೆ ಬೆಂಕಿ ಹಾಕುತ್ತಾಳೆ.

"ಕಾವು ಹುಡುಕ್ಕೊಂಡು ಹೋಗಿ ನಿಂತಾವೆ ಪಾಪ. ಮೇಲಿನ ಬಲ್ಬ್ ತೆಗೆದ್ರಾ?"

"ಎಲ್ಇಡಿ ಹಾಕಿದೆ."

"ಅಲ್ರೀ, ಆ ಬಲ್ಬು ಬೆಳಕಿಗಲ್ಲ, ಬಿಸಿಗೆ. ನೀರೊಳಗೆ ಕರೆಂಟು ಬೇಡ, ನಿಮ್ಮವ್ವ ಕೈ ಹಾಕಿಬಿಟ್ಟಾರು ಅಂತ ನಿಮ್ಮ ಅಪ್ಪಾಜಿ ಹೀಟರ್ ತಗೊಳ್ಳಲೇ ಇಲ್ಲ. ಎಲ್ಇಡಿ ಬಿಸಿ ಆಗಲ್ಲ ಅಂತ ನಿಮಗೆ ಗೊತ್ತಿಲ್ವಾ?"

ಗೊತ್ತಿತ್ತು. ಗಿರಾಕಿಗಳಿಗೆ ನಾನು ಹೇಳುವ ಮೊದಲ ಮಾತೇ ಅದು: ಕೈಯಿಟ್ಟು ನೋಡ್ರೀ, ಬಿಸಿನೇ ಆಗಲ್ಲ.

ಅವರು ನಿಧಾನವಾಗಿ ಹೇಳಿಕೊಟ್ಟರು. ಬಿಸಿನೀರು ಸುರಿಯಬಾರದು, ಕಾವು ಮೆಲ್ಲಗೆ ಏರಬೇಕು. ಮೂರು ಕಡೆ ಥರ್ಮಾಕೋಲು ನಿಲ್ಲಿಸಿ, ಮೇಲೆ ಕಂಬಳಿ ಸುತ್ತಿ, ಆದರೆ ಬಲ್ಬಿಗೆ ತಾಗದಿರಲಿ. ಇವತ್ತು ಆಹಾರ ಹಾಕಬೇಡಿ. ನಾನು ಹಳೆಯ ಬಲ್ಬು ಎಲ್ಲಿ ಸಿಗುತ್ತದೆಂದು ಕೇಳಿದೆ. "ಅಪ್ಪಾಜಿ ನನ್ನ ಕೈಲಿ ಒಂದು ಡಬ್ಬಿ ತರಿಸ್ಕೊಂಡಿದ್ರಲ್ಲ. ಮನೇಲೇ ಇರ್ಬೇಕು ನೋಡಿ," ಅಂದರು.

ಮನೆಗೆ ಬಂದು ಅವ್ವನನ್ನು ಕೇಳಿದೆ. ಅವಳು ಟ್ರಂಕು ತೆರೆದು, ಅಪ್ಪನ ಧೋತರಗಳ ಕೆಳಗಿನಿಂದ ಡಬ್ಬಿ ತೆಗೆದಳು. ಒಂದೊಂದು ಬಲ್ಬನ್ನೂ ಬಟ್ಟೆಯ ಚೂರಿನಲ್ಲಿ ಸುತ್ತಿಟ್ಟಿದ್ದರು.

"ಇದು ಇರೋದು ನಿಂಗ ಗೊತ್ತಿತ್ತಾ?"

"ಗೊತ್ತಿತ್ತು. ಯಾಕಂತ ಗೊತ್ತಿರಲಿಲ್ಲ. ನಿಂಗ ತೋರಿಸಬ್ಯಾಡ ಅಂದಿದ್ರು. ಅವ ಬೈತಾನ ಅಂದಿದ್ರು."

ಎಲ್ಇಡಿ ಪಟ್ಟಿ ಕಿತ್ತು ಬಲ್ಬು ಹಾಕಿದೆ. ದಿನಾ ಮಾಡುವ ಕೆಲಸ, ಆದರೂ ಎರಡು ಸಲ ತಪ್ಪಿತು. ಕಂಬಳಿ ಸುತ್ತಿದೆ. ಪಡಸಾಲೆಯಿಂದ ಕುರ್ಚಿ ತಂದು ಅದರ ಜಾಗದಲ್ಲೇ ಇಟ್ಟೆ. ಅವ್ವ ಅದರ ಪಕ್ಕ ನೆಲದ ಮೇಲೆ ಕೂತು ಕಾದಳು. ಸಂಜೆ ದೀಪ ಹಚ್ಚುವ ಹೊತ್ತಿಗೆ ಒಂದು ಮೀನು ರೆಕ್ಕೆ ಬಿಚ್ಚಿತು. ಮೂಲೆ ಬಿಟ್ಟು ಮೆಲ್ಲಗೆ ಮೇಲೆದ್ದು ಹಳದಿ ಬೆಳಕಿನ ಕೆಳಗೆ ಬಂದು ನಿಂತಿತು. ಹಿಂದೆಯೇ ಇನ್ನೊಂದು.

"ಥಂಡಿ ಬಿಡ್ತು ಅವರಿಗೆ," ಅಂದಳು ಅವ್ವ.

ಯಾರಿಗೆ ಅಂತ ನಾನು ಕೇಳಲಿಲ್ಲ. ತಟ್ಟೆಯಲ್ಲಿ ರೊಟ್ಟಿ ತಂದು ಅವಳ ಮುಂದಿಟ್ಟೆ. ಅವಳು ಮುಟ್ಟದೆ ಕುರ್ಚಿಯ ಕಡೆ ನೋಡಿದಳು, ಆಮೇಲೆ ನನ್ನ ಕಡೆ. ಏನನ್ನು ಕಾಯುತ್ತಿದ್ದಾಳೆಂದು ನನಗೆ ಅರ್ಥವಾಯಿತು.

"ದೀಪ ಉರೀಲಿ ಬಿಡಪ್ಪ," ಅಂದೆ ಖಾಲಿ ಕುರ್ಚಿಗೆ. "ಬೈಯೋದಿಲ್ಲ."

ಅವ್ವ ರೊಟ್ಟಿ ಮುರಿದಳು.