‘ಆಕ್ಷನ್’ ಎನ್ನುವ ಮುಂಚಿನ ಹನ್ನೊಂದು ಸೆಕೆಂಡು

ಕ್ರೇನ್‌ಗೆ ಎರಡು ದಿನ, ಅದನ್ನು ತಳ್ಳಲು ಎಂಟು ಜನ, ಬೀದಿ ತುಂಬ ನೂರು ಸಹಕಲಾವಿದರು. ಇಷ್ಟಕ್ಕೆ ಸಿಕ್ಕಿದ್ದು ನಲವತ್ತು ಸೆಕೆಂಡಿನ ಒಂದು ಶಾಟ್. ಕ್ಯಾಮೆರಾ ಆಕಾಶದಿಂದಿಳಿದು, ಛಾವಣಿಗಳ ಮೇಲೆ ತೇಲಿ, ಒಂದು ಬಾಗಿಲ ಮುಂದೆ ನಿಲ್ಲುತ್ತದೆ, ಸಿನಿಮಾ ಶುರುವಾಗುತ್ತದೆ. ಬೆಳಗಿನ ಆರಕ್ಕೆ, ಕಿಟಕಿಯಿಲ್ಲದ ಕೋಣೆಯಲ್ಲಿ, ಎಡಿಟರಮ್ಮ ಅದನ್ನು ಕಿತ್ತುಹಾಕುತ್ತಾರೆ.

ಶಾಟ್ ತೆಗೆದವರು ಅವರ ಗಂಡ.

ಹೊಲಿಗೆ ಅಂಗಡಿಯಲ್ಲಿ ಗುಂಡಿಗೆ ಕಾಜ ಹಾಕುತ್ತಿದ್ದ ಎಡಿಟರಮ್ಮ ಮದುವೆ ವಿಡಿಯೊ ಕತ್ತರಿಸುತ್ತ ಈ ಕೆಲಸ ಕಲಿತು ಇಪ್ಪತ್ತೆರಡು ವರ್ಷ. ಒಂದು ಚಿತ್ರಕ್ಕೆ ಅರವತ್ತು ಗಂಟೆಯ ದೃಶ್ಯ ಬರುತ್ತದೆ, ಉಳಿಯುವುದು ಎರಡು. ಬೇರೆ ಎಡಿಟರುಗಳು ‘ಆಕ್ಷನ್’ ಎಂದಲ್ಲಿಂದ ನೋಡುತ್ತಾರೆ. ಇವರು ಕ್ಯಾಮೆರಾ ಚಾಲೂ ಆದಲ್ಲಿಂದ. “ಆಕ್ಷನ್ ಅಂದ್ಮೇಲೆ ನಟನೆ. ಅದಕ್ಕೆ ಮುಂಚೆ ಬರೀ ಮನುಷ್ಯರಿರ್ತಾರೆ.”

ಅಲ್ಲೇ ಸಿಕ್ಕಿದೆ ಹೊಸ ಆರಂಭ. ಜೈಲಿನಿಂದ ಬರುವ ಗಂಡನಿಗೆ ಬಾಗಿಲು ತೆರೆಯಬೇಕಾದ ಪಾತ್ರ. ನಟಿ ಕಾಯುತ್ತ ಒದ್ದೆ ಕೈ ಬಟ್ಟೆಗೆ ಒರೆಸಿಕೊಳ್ಳುತ್ತಾಳೆ, ಚಿಲಕ ಮುಟ್ಟುತ್ತಾಳೆ, ಕೈ ಹಿಂದಕ್ಕೆಳೆದುಕೊಳ್ಳುತ್ತಾಳೆ. ಹನ್ನೊಂದು ಸೆಕೆಂಡು.

ಹತ್ತಕ್ಕೆ ವಿತರಕರು ನೋಡುತ್ತಾರೆ. ಅವರು ಒಲ್ಲೆ ಎಂದರೆ ಮೊದಲ ಚಿತ್ರದ ನಿರ್ದೇಶಕನಿಗೆ ಎರಡನೆಯದಿಲ್ಲ.

“ಅಮ್ಮಾ, ಕ್ಯಾಮೆರಾ ಅಣ್ಣ ಸುಮ್ನಿರ್ತಾರಾ?” ಪಕ್ಕದಲ್ಲಿ ಕೂತ ನಿರ್ದೇಶಕ ಕೇಳುತ್ತಾನೆ.

“ಮನೇದು ನಾನು ನೋಡ್ಕೋತೀನಿ, ನೀನು ಸಿನಿಮಾ ನೋಡ್ಕೊಳಪ್ಪ. ಊರೆಲ್ಲ ತೋರಿಸಿದ್ರೆ ಜನ ಊರು ನೋಡ್ತಾರೆ. ಯಾರ ಕಥೆ ಅಂತ ತಿಳಿಯೋ ಹೊತ್ತಿಗೆ ಅರ್ಧ ಜನ ಫೋನ್ ತೆಗ್ದಿರ್ತಾರೆ.”

ಅಷ್ಟರಲ್ಲಿ ಗಂಡ ಟೀ ಫ್ಲಾಸ್ಕ್ ಹಿಡಿದು ಬರುತ್ತಾರೆ.

“ನನ್ನ ಕ್ರೇನ್ ಎಲ್ಲೇ?”

“ಕಸದ ಬುಟ್ಟೀಲಿ.”

“ಕಟ್ಕೊಂಡವಳೇ ಕತ್ತರಿ ಹಾಕಿದ್ರೆ ಯಾರ ಹತ್ರ ಹೋಗಿ ಅಳ್ಲಿ?”

ನಗೆಯಾಡಿದರೂ ಮುಖ ಸಣ್ಣದಾಗಿದೆ. ಹೊಸ ಆರಂಭವನ್ನು ಎರಡು ಸಲ ನೋಡುತ್ತಾರೆ. “ಫೋಕಸ್ ಬಿಟ್ಟಿದೆ. ಇನ್ನೂ ಆಕ್ಷನ್ನೇ ಹೇಳಿರ್ಲಿಲ್ಲ.”

“ಬಿಟ್ಟಿರ್ಲಿ ಬಿಡಿ. ಅವಳೂ ಧೈರ್ಯ ಬಿಟ್ಟಿದಾಳೆ.”

ಗಂಡ ಮೂರನೇ ಸಲ ಹಾಕು ಎಂದು ಕೈಸನ್ನೆ ಮಾಡುತ್ತಾರೆ. ಮುಗಿದ ಮೇಲೆ ಹೆಂಡತಿಗೆ ಟೀ ಬಗ್ಗಿಸುತ್ತಾರೆ.

ಮಧ್ಯಾಹ್ನದ ಹೊತ್ತಿಗೆ ಚಿತ್ರ ಮಾರಾಟವಾಗಿದೆ. ಎಡಿಟರಮ್ಮ ಹಿಗ್ಗುವುದಿಲ್ಲ. “ನಮ್ಮನೆಯವರು ಇಷ್ಟು ವರ್ಷದಲ್ಲಿ ತೆಗೆದ ಶಾಟ್‌ಗಳಲ್ಲಿ ಆ ಕ್ರೇನ್ ಶಾಟಿಗಿಂತ ಚೆನ್ನಾಗಿರೋದು ಇನ್ನೊಂದಿಲ್ಲ. ಸುಳ್ಳು ಯಾಕೆ ಹೇಳ್ಲಿ? ಚಿತ್ರ ಉಳೀತು, ಅದು ಹೋಯ್ತು.”