ಗೋಡೆಗೆ ಬಿಗಿದ ಹಾಸು

ಹಫೀಜಾ ಚನ್ನಪಟ್ಟಣದ ಬೊಂಬೆ ಮಾಡುವವರ ಮನೆಯ ಮಗಳು. ಮದುವೆಯಾಗಿ ರಾಮನಗರಕ್ಕೆ ಬಂದ ಮೇಲೆ ಅವಳ ಬೆರಳುಗಳು ಅರಗನ್ನು ಮರೆತು, ಬಿಸಿನೀರಿನಲ್ಲಿ ರೇಷ್ಮೆಯ ಎಳೆ ಹುಡುಕುವುದನ್ನು ಕಲಿತವು. ಮಾತು ಕಡಿಮೆ, ಯಾರ ತಂಟೆಗೂ ಹೋದವಳಲ್ಲ.

ಬಿಡದಿಯ ಕಡೆ ಫ್ಯಾಕ್ಟರಿಗಳೆದ್ದು ಕೆಲಸದ ಹೆಂಗಸರೆಲ್ಲ ಬೆಳಗಿನ ಬಸ್ಸು ಹತ್ತತೊಡಗಿದಾಗ, ಗಂಡ ನಜೀರ್ ನೂಲು ಬಿಚ್ಚಲು ಮೋಟಾರಿನ ಯಂತ್ರ ತಂದ. ಅದನ್ನು ಕೂರಿಸಲು ಹಿತ್ತಲಿನಲ್ಲಿ ಕಾಂಕ್ರೀಟ್ ಹಾಸು ಬೇಕಾಯಿತು. ಹಿತ್ತಲೆಂದರೆ ಇಳಿಜಾರಿಗೆ ಕಲ್ಲಿನ ತಡೆಗೋಡೆ ಕಟ್ಟಿ, ಮಣ್ಣು ತುಂಬಿ ಮಾಡಿಕೊಂಡ ಜಾಗ. ಗೋಡೆಯ ಬುಡದಲ್ಲೇ ಶಿವಲಿಂಗಮ್ಮನ ಮನೆ.

"ಗೋಡೆಗೆ ತಗುಲ್ಸೋದು ಬ್ಯಾಡ ಸಾಬ್ರೆ, ಒಸಿ ಸಂದು ಬುಡನ," ಎಂದ ಗಾರೆ ಕೆಲಸದ ಕೆಂಚಯ್ಯ.

"ಸಂದು ಬುಟ್ರೆ ನೀರಿಳೀತೈತೆ. ಕಂಬಿ ಹಾಕಿ ಗೋಡೆಗೇ ಬಿಗಿ," ಎಂದ ನಜೀರ್.

"ಬಿಗೀತೀನಿ. ಆಮೇಲೆ ಎರಡೂ ಒಂದೇ ಮೈ. ಗೋಡೆ ವಾಲುದ್ರೆ ಹಾಸೂ ಹೊಂಟೋಯ್ತದೆ. ನನ್ನ ಬಯ್ಯಂಗಿಲ್ಲ."

"ನಿನ್ನ ಬಯ್ಯಾಕೆ ಗೋಡೆ ಬೀಳಗಂಟ ಕಾಯ್ಬೇಕೇನಯ್ಯ?"

ಕಂಬಿ ಬಿಗಿದಾಯಿತು. ಆದರೂ ರೇಷ್ಮೆಗೂಡು ಬೇಯಿಸಿದ ನೀರು ಹೇಗೋ ಮಣ್ಣಿಗಿಳಿದು, ಮಣ್ಣಿನ ನೀರು ಹೊರಹೋಗಲೆಂದು ಗೋಡೆಯಲ್ಲಿ ಬಿಟ್ಟಿದ್ದ ತೂತುಗಳಿಂದ ಕೆಳಗಿನ ಅಂಗಳಕ್ಕೆ ಸುರಿಯತೊಡಗಿತು. "ಈ ನಾತದಾಗೆ ಉಣ್ಣಾದೆಂಗವ್ವಾ?" ಎಂದು ಶಿವಲಿಂಗಮ್ಮ ಬಂದು ಜಗಲಿಯಲ್ಲಿ ಕೂತಳು. ಹಫೀಜಾಳೇ ಗಂಡನಿಗೆ ಹೇಳಿ ತೂತುಗಳಿಗೆಲ್ಲ ಸಿಮೆಂಟು ತುಂಬಿಸಿದಳು. ನಾತ ನಿಂತಿತು. ಶಿವಲಿಂಗಮ್ಮ ಗೋಡೆ ಪಕ್ಕದ ಕೋಣೆಗೆ ಸುಣ್ಣ ಬಳಿಸಿ, ಬಾಣಂತಿ ಮಗಳು ಪ್ರತಿಮಾಳನ್ನೂ ಕೂಸನ್ನೂ ಅಲ್ಲಿ ಮಲಗಿಸಿದಳು.

ಮಳೆ ಹಿಡಿಯಿತು. ಒಂದು ಬೆಳಗ್ಗೆ ಹಫೀಜಾ ಹಾಸು ತೊಳೆಯುವಾಗ ನೀರು ಮೋರಿಗೆ ಹೋಗದೆ ಗೋಡೆಯತ್ತ ಹೊರಳಿತು. ಅಲ್ಲಿ ಹಾಸಿನ ಉದ್ದಕ್ಕೂ ಬಿರುಕು. ನೀರೆಲ್ಲ ಸದ್ದಿಲ್ಲದೆ ಒಳಗಿಳಿಯುತ್ತಿತ್ತು. ಬಗ್ಗಿ ನೋಡಿದಳು. ಬಿರುಕಿನೊಳಗೆ ಕಂಬಿ ಕಾಣಿಸಿತು, ಯಾರೋ ಆ ಕಡೆಯಿಂದ ಜಗ್ಗುತ್ತಿರುವ ಹಾಗೆ.

"ಮೋಟಾರು ನಿಲ್ಸಿ, ಈಚೆ ಬನ್ನಿ," ಎಂದಳು.

"ಬೇಯ್ಸಿರೋ ಗೂಡು ಕೆಟ್ಟೋಯ್ತದೆ. ಇದೊಂದು ಮುಗೀಲಿ," ಎಂದ ನಜೀರ್, ಯಂತ್ರದಿಂದ ಕಣ್ಣೆತ್ತದೆ.

ಹಫೀಜಾ ಕೆಳಗೆ ಓಡಿದಳು. ಗೋಡೆ ನಡುವೆ ಉಬ್ಬಿ ಹೊಟ್ಟೆ ಬಂದಿತ್ತು. ಕೋಣೆಯಲ್ಲಿ ಶಿವಲಿಂಗಮ್ಮ ಕೂಸಿಗೆ ಎಣ್ಣೆ ಹಚ್ಚುತ್ತಿದ್ದಳು.

"ಅಕ್ಕಾ, ಎಲ್ಲಾ ಆಚೆ ಬನ್ನಿ. ಗೋಡೆ ಬೀಳಂಗೈತೆ."

"ಈ ಮಳೇಲಿ ಬಾಣಂತಿನ ಆಚೆ ಕಳ್ಸಾದಾ? ನಿಂಗೇನು ತಲೆ ಕೆಟ್ಟೈತಾ? ಕುಂತ್ಕೊ, ಒಸಿ ಕಾಪಿ ಕುಡಿ."

"ಕೂಸ್ನ ಒಸಿ ಕೊಡಿ," ಎಂದು ಎತ್ತಿಕೊಂಡ ಹಫೀಜಾ ಸೆರಗು ಮುಚ್ಚಿ ಬೀದಿಗೆ ನಡೆದೇಬಿಟ್ಟಳು. ಪ್ರತಿಮಾ ಹಿಂದೆಯೇ ಓಡಿಬಂದಳು. ಶಿವಲಿಂಗಮ್ಮ ಎಣ್ಣೆಗೈಯಲ್ಲೇ ಬಂದಳು.

"ನನ್ ಮೊಮ್ಮಗೀಗೆ ಸೀತ ಏನಾರ ಆಗ್ಲಿ, ನಿನ್ನ..."

ಮಾತು ಮುಗಿಯಲಿಲ್ಲ. ನೆಲ ಒಮ್ಮೆ ಅದುರಿತು. ಕೋಣೆಯಿದ್ದಲ್ಲಿ ಕಲ್ಲು, ಕೆಸರು, ಕಾಂಕ್ರೀಟು, ಯಂತ್ರ, ಎಲ್ಲ ಒಂದೇ ರಾಶಿ. ಮೇಲೆ ಹಿತ್ತಲೇ ಇರಲಿಲ್ಲ.

ಹಫೀಜಾ ಕೂಸನ್ನು ತಾಯಿಯ ಕೈಗಿಟ್ಟು ರಾಶಿಯ ಕಡೆ ನಡೆದಳು. ಯಾವತ್ತೂ ಗಂಡನನ್ನು ಹೆಸರು ಹಿಡಿದು ಕರೆದವಳಲ್ಲ. ಈಗ ಕರೆದಳು. ಸ್ವಲ್ಪ ಹೊತ್ತು ಕಿವಿಗೊಟ್ಟು ನಿಂತು, ಮತ್ತೆ ಕರೆದಳು.